ಬಿದ್ದ ಗುಲ್‌ಮೊಹರ್ ಜಾಗಕ್ಕೆ ಯಾವ ಮರ?

ಪ್ರಶ್ನೆ: ಏಪ್ರಿಲ್‌ ಗಾಳಿಮಳೆಗೆ ನಮ್ಮ ಹಿತ್ತಲಿನ ಗುಲ್‌ಮೊಹರ್ ಬುಡಸಮೇತ ಉರುಳಿತು. ಈಗ ಮಧ್ಯಾಹ್ನ ಮೂರಾಯಿತೆಂದರೆ ಅಡುಗೆಮನೆ ಕಾದ ಹಂಚು. ಹಿತ್ತಲು ಪಡುವಣಕ್ಕಿದೆ, ಮನೆಗೋಡೆಯಿಂದ ಕಾಂಪೌಂಡಿಗೆ 25 ಅಡಿ. ದಕ್ಷಿಣದ ಮೂಲೆಯಲ್ಲಿ ಪಾಯಖಾನೆ ಗುಂಡಿ ಇದೆ. ಅದೇ ಜಾಗದಲ್ಲಿ ಮತ್ತೆ ಗುಲ್‌ಮೊಹರ್ ಇಡೋಣ ಅಂತಾಳೆ ಮಗಳು. ಬೇಗ ನೆರಳು ಬೇಕಾದರೆ ಗಸಗಸೆ ಹಣ್ಣಿನ ಗಿಡ ಹಾಕಿ ಅಂತಾರೆ ಪಕ್ಕದ ಮನೆಯವರು. ನರ್ಸರಿಯಲ್ಲಿ 8 ಅಡಿ ಎತ್ತರದ ಹೊಂಗೆ ಸಸಿ ನೋಡಿಬಂದಿದ್ದೇವೆ. ಯಾವುದು ಸರಿ, ಅಮ್ಮಾ?
– ಓದುಗರು, ಚಳ್ಳಕೆರೆ

ಉತ್ತರ: ಮಗಳಿಗೆ ಬೇಜಾರಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಗುಲ್‌ಮೊಹರ್ ರಸ್ತೆಯಾಚೆಯಿಂದ ನೋಡುವುದಕ್ಕೆ ಚೆಂದ. ಬೇರು ಮೇಲೆಮೇಲೆ ಹರಡುತ್ತದೆ, ಕೊಂಬೆ ಪುಸಕ್ಕನೆ ಮುರಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಾರ್ಚ್ ಬಿಸಿಲು ಏರುವ ಹೊತ್ತಿಗೆ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿರುತ್ತದೆ. ನೆರಳು ಬೇಕಾದಾಗಲೇ ರಜಾ ಹಾಕುವ ಮರ ಅದು. ಗಸಗಸೆ ಹಣ್ಣಿನ ಮರ ಎರಡು ವರ್ಷಕ್ಕೇ ಕೊಡೆ ಬಿಚ್ಚುತ್ತದೆ, ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ಆದರೆ ರಾತ್ರಿಯೆಲ್ಲ ಬಾವಲಿ ಬಂದು ಗೋಡೆ ಬಳಿಯುತ್ತವೆ, ಒಣಹಾಕಿದ ಬಟ್ಟೆಯನ್ನೂ ಬಿಡುವುದಿಲ್ಲ.

ಹೊಂಗೆಯನ್ನೇ ಇಡಿ. ಅದೂ ಎಲೆ ಉದುರಿಸುತ್ತದೆ, ಆದರೆ ಯುಗಾದಿ ಹೊತ್ತಿಗೆ ಎಣ್ಣೆ ಸವರಿದ ಹಾಗೆ ಮಿಂಚುವ ಚಿಗುರು ಬಂದಿರುತ್ತದೆ. ಆಮೇಲೆ ಹೂ. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ನೆಲದ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ, ಮೇಲೆ ಜೇನುಹುಳುಗಳ ಗುಂಯ್. ಬರ ತಡೆಯುತ್ತದೆ, ನಿಮ್ಮ ಊರಿಗೆ ಅದು ಮುಖ್ಯ. ಎಲೆ ಮೇಲೆ ಗುಳ್ಳೆ ಗುಳ್ಳೆ ಎದ್ದರೆ ಹೆದರಿ ಔಷಧಿ ಹೊಡೆಯಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ, ಮರಕ್ಕೆ ಏನೂ ಆಗುವುದಿಲ್ಲ.

ಆ 8 ಅಡಿ ಸಸಿ ಮಾತ್ರ ಬೇಡ. ನಾನೂ ಒಮ್ಮೆ ಎತ್ತರಕ್ಕೆ ಮರುಳಾಗಿ ಅಂಥದ್ದೇ ಹೊಂಗೆ ತಂದು ನೆಟ್ಟವಳು. ಏಳು ವರ್ಷ ಚೆನ್ನಾಗಿಯೇ ಇತ್ತು. ಆಷಾಢದ ಗಾಳಿಗೆ ಒಂದು ಸಂಜೆ ಮಲಗಿಬಿಟ್ಟಿತು. ಬುಡ ನೋಡಿದರೆ, ಬೇರು ಹೊರಗೆ ಹೋಗಿರಲೇ ಇಲ್ಲ! ಕೊಡದ ಕೆಳಗಿಡುವ ಸಿಂಬೆಯ ಹಾಗೆ ಸುತ್ತಿಕೊಂಡು, ಹಳೆಯ ಕವರಿನ ಅಳತೆಯಲ್ಲೇ ದಪ್ಪವಾಗಿತ್ತು. ನಡುವೆ ಕಪ್ಪು ಪ್ಲಾಸ್ಟಿಕ್‌ನ ಚೂರು ಇನ್ನೂ ಹಾಗೇ ಸಿಕ್ಕಿಕೊಂಡಿತ್ತು. ತಪ್ಪು ನರ್ಸರಿಯವರದಲ್ಲ, ನಾನು ಕವರನ್ನು ಅರ್ಧ ಹರಿದು ಇಳಿಸಿದ್ದೆ. ಈಗ ಮೂರಡಿಯ ಸಸಿಗಿಂತ ದೊಡ್ಡದು ತರುವುದಿಲ್ಲ. ಕವರ್ ಪೂರ್ತಿ ಸೀಳಿ ತೆಗೆದು, ಸುತ್ತಿದ ಬೇರನ್ನು ಬೆರಳಿನಿಂದ ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸುತ್ತೇನೆ.

ಹಳೆಯ ಗುಂಡಿಯಲ್ಲಿ ನೆಡಬೇಡಿ. ಒಳಗೆ ಉಳಿದ ಬೇರು ಕೊಳೆಯುತ್ತ ಮಣ್ಣು ಕುಸಿಯುತ್ತದೆ, ಗಿಡ ವಾಲುತ್ತದೆ. ಏಳೆಂಟು ಅಡಿ ಸರಿಯಿರಿ. ಎತ್ತ ಸರಿಯಬೇಕು ಅನ್ನುವುದನ್ನು ಬಿಸಿಲೇ ಹೇಳುತ್ತದೆ. ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ, ಮುಳುಗುವುದೂ ವಾಯವ್ಯದ ಕಡೆ ಸರಿದೇ. ನಾಲ್ಕು ಗಂಟೆಗೆ ಯಾರಾದರೂ ಒಂದು ಉದ್ದನೆ ಗಳ ಹಿಡಿದು ಹಿತ್ತಲಲ್ಲಿ ಅತ್ತಿತ್ತ ನಡೆಯಲಿ, ನೀವು ಅಡುಗೆಮನೆ ಕಿಟಕಿ ಹತ್ತಿರ ನಿಂತು ನೋಡಿ. ಗಳದ ನೆರಳು ಕಿಟಕಿಯ ಕಡೆ ನೇರ ತಿರುಗಿದ ಕಡೆ ಗೂಟ ಹೊಡೆಯಿರಿ. ಕಿಟಕಿಗೆ ಎದುರಿಗಿಂತ ತುಸು ಉತ್ತರಕ್ಕೆ ಬರುತ್ತದೆ. ಮನೆಗೋಡೆಯಿಂದ 15 ಅಡಿ ಇರಲಿ. ಪಾಯಖಾನೆ ಗುಂಡಿಯಿಂದಲೂ ಅಷ್ಟೇ ದೂರ, ನೀರಿನ ಜಾಡು ಹಿಡಿದು ಹೋಗುವ ಬೇರಿಗೆ ಗುಂಡಿಯ ಬಿರುಕು ಸಾಕು.

ಮೂರಡಿ ಉದ್ದ, ಅಗಲ, ಆಳದ ಗುಂಡಿ ಈಗಲೇ ತೋಡಿಸಿ, ಬಿಸಿಲು ಕುಡಿಯಲಿ. ಮೇಲ್ಮಣ್ಣಿಗೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಮೃಗಶಿರ, ಆರಿದ್ರದಲ್ಲಿ ಹದವಾದ ಮಳೆ ಬಿದ್ದರೆ ನೆಡಿ. ಕೈಕೊಟ್ಟರೆ ಸೆಪ್ಟೆಂಬರಿನ ಉತ್ತರೆ ಮಳೆಗೆ ಕಾಯಿರಿ, ನಿಮ್ಮ ಕಡೆ ಅದೇ ಹೆಚ್ಚು ನಂಬಿಕಸ್ಥ. ಕವರಿನಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ಅಷ್ಟೇ ಆಳ, ಕಾಂಡಕ್ಕೆ ಮಣ್ಣು ಏರಿಸಬೇಡಿ. ಹಳೆಯ ಸೀರೆಯಂಚು ಹರಿದು ಗೂಟಕ್ಕೆ ಸಡಿಲವಾಗಿ ಕಟ್ಟಿ, ವರ್ಷಕ್ಕೆ ಬಿಚ್ಚಿಬಿಡಿ.

ಮೊದಲೆರಡು ಬೇಸಿಗೆಗೆ, ತೂತು ಕೊರೆದು ಬತ್ತಿ ಹಾಕಿದ ಮಡಕೆಯನ್ನು ಗಿಡದ ಪಕ್ಕ ಕುತ್ತಿಗೆವರೆಗೆ ಹೂತು ಮೂರು ದಿನಕ್ಕೊಮ್ಮೆ ನೀರು ತುಂಬಿ. ಬಾಯಿಗೆ ಮುಚ್ಚಳ ಮರೆಯಬೇಡಿ, ಸೊಳ್ಳೆ.

ಒಳ್ಳೆಯ ನೆರಳಿಗೆ ಐದಾರು ವರ್ಷ ಬೇಕು. ಅಲ್ಲಿಯವರೆಗೆ ಕಿಟಕಿಗೆ ಒಂದು ಲಾವಂಚದ ತಟ್ಟಿ ಕಟ್ಟಿಕೊಳ್ಳಿ. ಮಗಳಿಗೆ ಗುಲ್‌ಮೊಹರ್ ಬೇಕೇ ಬೇಕಾದರೆ ಕಾಂಪೌಂಡಿನಾಚೆ ಖಾಲಿ ಜಾಗ ಇದೆಯೇ ನೋಡಿ, ಮೇಲೆ ಕರೆಂಟ್ ತಂತಿ ಇಲ್ಲದ ಕಡೆ.