ಎಚ್ಚರಿಕೆಯ ಸವಾರನಿಗೂ ಹೆಲ್ಮೆಟ್ ಬೇಕೇ?

ಓದುಗರ ಪ್ರಶ್ನೆ: ಹಲವು ವರ್ಷಗಳಿಂದ ಎಚ್ಚರಿಕೆಯಿಂದ ಬೈಕ್ ಓಡಿಸುತ್ತಿದ್ದೇನೆ. ಹೆಲ್ಮೆಟ್ ಹಾಕಿದರೆ ಹಾರ್ನ್ ಸರಿಯಾಗಿ ಕೇಳುವುದಿಲ್ಲ, ಬಿದ್ದಾಗ ಕುತ್ತಿಗೆಗೂ ಅಪಾಯ ಎನ್ನುತ್ತಾರೆ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಇರುವ ಬೈಕಿಗೂ ಹೆಲ್ಮೆಟ್ ಬೇಕೇ? ಒಮ್ಮೆ ಬಿದ್ದಾಗ ನೆಲಕ್ಕೆ ಬಡಿದ ನನ್ನ ಹೆಲ್ಮೆಟ್ ಗೀರು ಬಿಟ್ಟರೆ ಚೆನ್ನಾಗಿಯೇ ಇದೆ. ಮಗನಿಗೆ ಕೊಡಬಹುದೇ?

ಸಂಪಾದಕರ ಉತ್ತರ: ನಿಮ್ಮ ಎಚ್ಚರಿಕೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅದು ನಿಮ್ಮ ತಪ್ಪುಗಳನ್ನಷ್ಟೇ ತಡೆಯಬಲ್ಲದು. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಪರಿಶೀಲಿಸಿ 1981ರಲ್ಲಿ ಪ್ರಕಟವಾದ ಹರ್ಟ್ ವರದಿಯ ಪ್ರಕಾರ, ಸುಮಾರು ಮುಕ್ಕಾಲು ಪಾಲು ಅಪಘಾತಗಳಲ್ಲಿ ಇನ್ನೊಂದು ವಾಹನವಿತ್ತು. ಅವುಗಳಲ್ಲಿ ಮೂರನೇ ಎರಡರಷ್ಟು ನಡೆದದ್ದು ಆ ವಾಹನದ ಚಾಲಕ ಬೈಕಿಗೆ ಅಡ್ಡ ಬಂದದ್ದರಿಂದ. "ಬೈಕ್ ಕಾಣಿಸಲೇ ಇಲ್ಲ" ಎಂಬುದು ಇಂಥ ಚಾಲಕರು ಸಾಮಾನ್ಯವಾಗಿ ಕೊಡುವ ಕಾರಣ. ಆದ್ದರಿಂದ ಎದ್ದು ಕಾಣುವ ಬಟ್ಟೆಯನ್ನು ಹಗುರವಾಗಿ ಕಾಣಬೇಡಿ. ನ್ಯೂಜಿಲೆಂಡ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಳಕನ್ನು ಪ್ರತಿಫಲಿಸುವ ಅಥವಾ ಹೊಳೆಯುವ ಬಣ್ಣದ ಉಡುಪು ಧರಿಸಿದವರಿಗೆ ಗಾಯವಾಗುವ ಅಪಾಯ ಶೇ 37ರಷ್ಟು ಕಡಿಮೆ ಕಂಡುಬಂದಿತ್ತು.

ಎಬಿಎಸ್ ಬಗ್ಗೆ ನಿಮಗಿರುವ ವಿಶ್ವಾಸ ನನಗೂ ಇದೆ. ಗಾಬರಿಯಲ್ಲಿ ಬ್ರೇಕ್ ಅದುಮಿದಾಗ ಬೈಕಿನ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಎಂಥ ಅನುಭವಿಯೂ ಕ್ಷಣಾರ್ಧದಲ್ಲಿ ನೆಲಕ್ಕುರುಳುತ್ತಾನೆ. ಎಬಿಎಸ್ ತಡೆಯುವುದು ಅದನ್ನೇ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಒಂದೇ ಮಾದರಿಯ ಬೈಕುಗಳನ್ನು ಹೋಲಿಸಿ ನೋಡಿದಾಗ, ಎಬಿಎಸ್ ಇದ್ದವುಗಳಲ್ಲಿ ಪ್ರಾಣಾಂತಿಕ ಅಪಘಾತದ ಪ್ರಮಾಣ ಶೇ 22ರಷ್ಟು ಕಡಿಮೆಯಿತ್ತು. ಆದರೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಬೈಕ್ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದಕ್ಕೆ ಹೋಗಿರುತ್ತದೆ. ನಿಮ್ಮ ಕೈ ಬ್ರೇಕ್ ಹಿಡಿಯುವ ಮೊದಲೇ ಮುಗಿದುಹೋಗುವ ದೂರ ಅದು. ಅಷ್ಟು ಹತ್ತಿರದಲ್ಲಿ ಕಾರೊಂದು ಅಡ್ಡ ಬಂದರೆ ಯಾವ ಬ್ರೇಕೂ ಉಳಿಸುವುದಿಲ್ಲ. ತಲೆಯ ಮೇಲೆ ಏನಿದೆ ಎಂಬುದೇ ಆಗ ಪ್ರಶ್ನೆ.

ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2008ರ ಪರಾಮರ್ಶೆಯು ಹೆಲ್ಮೆಟ್‌ನಿಂದ ಸಾವಿನ ಅಪಾಯ ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯ ಶೇ 69ರಷ್ಟು ತಗ್ಗುತ್ತದೆ ಎಂದಿದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟೊಂದು ಜೀವ ಉಳಿಸುವ ಸಾಧನವನ್ನು ಜನ ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇನ್ನು ಕಿವಿಯ ವಿಷಯ. ಹೆಲ್ಮೆಟ್ ಹಾರ್ನ್ ಸದ್ದಿನ ಜೊತೆಗೆ ಗಾಳಿಯ ಮೊರೆತವನ್ನೂ ತಗ್ಗಿಸುವುದರಿಂದ ಕೇಳಬೇಕಾದದ್ದು ಕೇಳಿಯೇ ಕೇಳುತ್ತದೆ. ಕುತ್ತಿಗೆಯ ಭಯಕ್ಕೂ ಆಧಾರವಿಲ್ಲ: 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಹೆಲ್ಮೆಟ್ ಧರಿಸಿದವರಲ್ಲೇ ಕುತ್ತಿಗೆಯ ಮೂಳೆಯ ಗಾಯ ಕಡಿಮೆಯಿತ್ತು.

ಮಗನಿಗೆ ಆ ಹೆಲ್ಮೆಟ್ ದಯವಿಟ್ಟು ಕೊಡಬೇಡಿ. ತಲೆಯನ್ನು ಕಾಯುವುದು ಹೊರಗಿನ ಚಿಪ್ಪೊಂದೇ ಅಲ್ಲ, ಒಳಗಿರುವ ಗಟ್ಟಿ ಥರ್ಮಾಕೋಲ್ ಪದರವೂ ಹೌದು. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ ಆಘಾತವನ್ನು ಹೀರಿಕೊಳ್ಳುತ್ತದೆ. ಒಮ್ಮೆ ಜಜ್ಜಿದ ಜಾಗ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಹೊಸದನ್ನು ಕೊಳ್ಳುವಾಗ ಮಗನನ್ನೂ ಕರೆದುಕೊಂಡು ಹೋಗಿ. ಹೆಲ್ಮೆಟ್ ಹಾಕಿಸಿ, ಪಟ್ಟಿ ಬಿಗಿಸಿ, ಹಿಂಭಾಗದ ಅಂಚನ್ನು ಹಿಡಿದು ಮುಂದಕ್ಕೆ ಎತ್ತಿ ನೋಡಿ. ತಲೆಯಿಂದ ಕಳಚಿ ಬಂದರೆ ಅದು ಅವನ ಅಳತೆಯದಲ್ಲ, ಬೇರೆಯದನ್ನು ಕೇಳಿ.