ಗದ್ದೆ ಒಣಗಿಸಿದರೆ ಮೀಥೇನ್ ಕಡಿಮೆಯಾಗುತ್ತದೆಯೇ?

ಗಂಗಾವತಿಯ ಕಾಲುವೆ ಗದ್ದೆಯಲ್ಲಿ ನೀರು ಒಣಗಿಸಿ ಹಾಯಿಸಿದರೆ ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲ ನಿಜಕ್ಕೂ ಇಳಿಯುತ್ತದೆಯೇ, ಇಳುವರಿ ಬೀಳುತ್ತದೆಯೇ ಎಂದು ಕೇಳಿದ್ದೀರಿ.

ಇಳಿಯುತ್ತದೆ. ನಿಂತ ನೀರಿನಡಿ ಆಮ್ಲಜನಕ ಮುಗಿದ ಮೇಲೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡುತ್ತವೆ, ಗಾಳಿಯಾಡಿದರೆ ನಿಲ್ಲಿಸುತ್ತವೆ. ಸದಾ ನೀರು ನಿಂತ ಗದ್ದೆಗೆ ಹೋಲಿಸಿದರೆ, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2019ರ ಲೆಕ್ಕದಂತೆ ಒಮ್ಮೆ ಒಣಗಿಸಿದರೆ ಸುಮಾರು 29%, ಹಲವು ಬಾರಿ ಒಣಗಿಸಿದರೆ 45% ಕಡಿತ.

ಯಾವಾಗ ಹಾಯಿಸಬೇಕೆಂದು ತಿಳಿಯಲು, 30 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, 15 ಸೆಂ.ಮೀ. ಮಣ್ಣಿನಲ್ಲಿ ಇಳಿಸಿ, ಒಳಗಿನ ಕೆಸರು ತೆಗೆಯಿರಿ. ಒಳಗೆ, ಹೊರಗೆ ನೀರಿನ ಮಟ್ಟ ಒಂದೇ ಇರಬೇಕು. ಇಲ್ಲದಿದ್ದರೆ ಬಹುಶಃ ತೂತು ಕಟ್ಟಿಕೊಂಡಿದೆ ಎಂದರ್ಥ. ನಾಟಿಯಾಗಿ ಎರಡು ವಾರದ ನಂತರ, ಪೈಪಿನಲ್ಲಿ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಹಾಯಿಸಿ, 5 ಸೆಂ.ಮೀ. ನಿಲ್ಲಿಸಿ. ಇದೇ ಮಿತಿಯಲ್ಲಿದ್ದರೆ ಸಾಮಾನ್ಯವಾಗಿ ಇಳುವರಿ ಬೀಳುವುದಿಲ್ಲ. ಹೂ ಬಿಡುವ ಮುಂಚಿನ ಒಂದು ವಾರದಿಂದ ನಂತರದ ಒಂದು ವಾರದವರೆಗೆ ಮಾತ್ರ ಒಣಗಿಸಲೇಬೇಡಿ, ಕಾಳು ಜೊಳ್ಳಾಗುತ್ತದೆ.

ಎರೆಮಣ್ಣಾದರೆ ಇನ್ನೂ ಎಚ್ಚರ: ಬಿರುಕು ಆಳವಾದರೆ ಮುಂದೆ ಹಾಯಿಸಿದ ನೀರೆಲ್ಲ ಅದರಲ್ಲೇ ಇಳಿದುಹೋಗುತ್ತದೆ. ಯೂರಿಯಾವನ್ನು ಹಾಯಿಸುವ ಮುನ್ನ ಆರಿದ ನೆಲಕ್ಕೆ ಹಾಕಿ ತಕ್ಷಣ ನೀರು ಬಿಡಿ. ಹಾಗೇ ಬಿಟ್ಟರೆ ಸಾರಜನಕ ನಷ್ಟವಾಗಿ, ಭೂಮಿಯನ್ನು ಬಿಸಿಮಾಡುವ ಇನ್ನೊಂದು ಅನಿಲ ನೈಟ್ರಸ್ ಆಕ್ಸೈಡ್ ಹೆಚ್ಚುತ್ತದೆ, ಮೀಥೇನ್ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಕಳೆಯೂ ಜಾಸ್ತಿ, ಆ ಖರ್ಚು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಾಲುವೆಯ ಕೊನೆಭಾಗದಲ್ಲಿದ್ದು ಪಾಳಿಯ ನೀರು ಯಾವತ್ತು ಬರುತ್ತದೋ ಗೊತ್ತಿಲ್ಲವೆಂದರೆ, ಬೋರ್‌ವೆಲ್ ಆಸರೆಯಿಲ್ಲದೆ ಇದಕ್ಕೆ ಕೈಹಾಕಬೇಡಿ.