ಕರಪತ್ರದ ಇಂಗ್ಲಿಷಿಗೆ ‘ಗಿಂತ’ ಒಂದೇ ಸಾಲದು

ತಮ್ಮಾ, ಧಾರವಾಡದ ಕೃಷಿ ಮೇಳದ ಮಳಿಗೆಗೆಂದು ನೀನು ಬರೆದು ಇಲ್ಲಿ ಹಾಕಿದ ಇಂಗ್ಲಿಷ್ ಕರಪತ್ರವನ್ನು ಎರಡು ಸಲ ಓದಿದೆ. ‘ಅವರ್ ಬ್ಯಾಡಗಿ ಚಿಲ್ಲಿ ಈಸ್ ಮೋರ್ ರೆಡ್ಡರ್ ದ್ಯಾನ್ ಗುಂಟೂರ್ ಚಿಲ್ಲಿ’ ಎಂಬ ಮೊದಲ ಸಾಲು ಸರಿಯೇ ಎಂದು ಕೇಳಿದ್ದೀಯ. ಮೆಣಸಿನಕಾಯಿಯ ವಿಷಯ ಸರಿ, ವ್ಯಾಕರಣ ತಪ್ಪು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾಗಿ, ಈಗ ಕುಂದಗೋಳದ ಕಡೆ ಎರೆ ಹೊಲದಲ್ಲಿ ಮೆಣಸಿನಕಾಯಿ ಬೆಳೆಯುವವನು ನಾನು. ಎರಡೂ ಕಡೆಯ ತಪ್ಪು ಮಾಡಿ ಗೊತ್ತು.

ಕನ್ನಡದಲ್ಲಿ ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಹೊರುತ್ತದೆ. ‘ಗುಂಟೂರಿನದಕ್ಕಿಂತ ಬ್ಯಾಡಗಿಯದು ಕೆಂಪು’ ಎಂದರೆ ಮುಗಿಯಿತು. ‘ಕೆಂಪು’ ತಾನು ಇದ್ದಲ್ಲಿಂದ ಕದಲುವುದಿಲ್ಲ. ಇಂಗ್ಲಿಷಿನಲ್ಲಿ ‘ದ್ಯಾನ್’ ಬಂದರೆ ಗುಣವಾಚಕವೂ ರೂಪ ಬದಲಿಸಬೇಕು. ರೆಡ್, ಹಾಟ್, ಚೀಪ್ ಇಂಥ ಒಂದೇ ಸ್ವರದ ಚಿಕ್ಕ ಪದಗಳಿಗೆ ಬಾಲ ಬೆಳೆಯುತ್ತದೆ: ರೆಡ್ಡರ್, ಹಾಟರ್, ಚೀಪರ್. ಮೊದಲೆರಡನ್ನು ಬರೆಯುವಾಗ ಕೊನೆಯ ‘ಡಿ’, ‘ಟಿ’ ಅಕ್ಷರಗಳನ್ನು ಎರಡು ಸಲ ಹಾಕು. ‘ಸ್ಪೈಸಿ’ ಆದರೆ ‘ವೈ’ ಹೋಗಿ ‘ಐ’ ಬಂದು ‘ಸ್ಪೈಸಿಯರ್’. ‘ಎಕ್ಸ್‌ಪೆನ್ಸಿವ್’ನಂಥ ಉದ್ದ ಪದಕ್ಕೆ ಬಾಲ ಅಂಟುವುದಿಲ್ಲ, ಅದರ ಮುಂದೆ ‘ಮೋರ್’ ನಿಲ್ಲುತ್ತದೆ. ಬಾಲವೂ ಇದ್ದು ‘ಮೋರ್’ ಕೂಡ ಇದ್ದರೆ ಒಂದೇ ಚೀಲಕ್ಕೆ ಎರಡು ಸಲ ಹಮಾಲಿ ಕೊಟ್ಟಂತೆ.

ಎರಡನೆಯ ಸಾಲಿನ ತಪ್ಪು ಇನ್ನೂ ಸೂಕ್ಷ್ಮ. ‘ದಿ ಕಲರ್ ಆಫ್ ಅವರ್ ಚಿಲ್ಲಿ ಈಸ್ ಬ್ರೈಟರ್ ದ್ಯಾನ್ ಗುಂಟೂರ್ ಚಿಲ್ಲಿ’ ಎಂದಿದ್ದೀಯ. ಒಂದು ತಟ್ಟೆಯಲ್ಲಿ ಬಣ್ಣ, ಇನ್ನೊಂದರಲ್ಲಿ ಇಡೀ ಮೆಣಸಿನಕಾಯಿ. ತಕ್ಕಡಿ ಹೇಗೆ ತೂಗೀತು? ಇಲ್ಲಿ ಕನ್ನಡವನ್ನೇ ಕೇಳು. ‘ನಮ್ಮ ಕಾಯಿಯ ಬಣ್ಣ ಗುಂಟೂರಿನದಕ್ಕಿಂತ’ ಎನ್ನುತ್ತೇವೆ. ‘ಗುಂಟೂರಿನದು’ ಎಂಬಲ್ಲಿನ ‘ದು’ ಬಣ್ಣದ ಪರವಾಗಿ ನಿಂತಿದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ದ್ಯಾಟ್ ಆಫ್’ ಮಾಡುತ್ತದೆ: ‘ಬ್ರೈಟರ್ ದ್ಯಾನ್ ದ್ಯಾಟ್ ಆಫ್ ಗುಂಟೂರ್ ಚಿಲ್ಲಿ’. ಹೋಲಿಸುವುದು ಬಹುವಚನವಾದರೆ, ಉದಾಹರಣೆಗೆ ಬೀಜಗಳಾದರೆ, ‘ದ್ಯಾಟ್’ ಹೋಗಿ ‘ದೋಸ್’ ಬರಬೇಕು. ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ಅಂಕ ಕಳೆದುಕೊಳ್ಳುತ್ತಿದ್ದುದು ಇಲ್ಲಿಯೇ.

ಕರಪತ್ರದಲ್ಲಿ ‘ಲೆಸ್ ಸೀಡ್ಸ್’ ಬೇಡ. ನಮ್ಮ ‘ಕಡಿಮೆ’ ಎಲ್ಲದಕ್ಕೂ ಹೊಂದುತ್ತದೆ, ಅವರದು ಹಾಗಲ್ಲ. ಎಣಿಸಬಹುದಾದ ಬೀಜಕ್ಕೆ ‘ಫ್ಯೂವರ್’, ಎಣಿಸಲಾಗದ ಖಾರಕ್ಕೆ ‘ಲೆಸ್’. ಆದರೆ ತೂಕ, ದೂರ, ಹಣಕ್ಕೆ ಅಂಕಿ ಇದ್ದರೂ ‘ಲೆಸ್’ ನಡೆಯುತ್ತದೆ: ‘ಲೆಸ್ ದ್ಯಾನ್ ಟೆನ್ ಕಿಲೋಸ್’. ಇಂಗ್ಲಿಷಿನವರೇ ಇದರಲ್ಲಿ ಎಡವುತ್ತಾರೆ. ಬ್ರಿಟನ್ನಿನ ಟೆಸ್ಕೊ ಅಂಗಡಿಗಳು ‘ಹತ್ತು ಅಥವಾ ಕಡಿಮೆ ವಸ್ತು’ ಎಂಬ ಫಲಕದಲ್ಲಿ ‘ಲೆಸ್’ ಬರೆದು, ಟೀಕೆ ಕೇಳಿ, 2008ರಲ್ಲಿ ಆ ಪದದ ಗೋಜೇ ಬೇಡವೆಂದು ‘ಹತ್ತರವರೆಗೆ’ ಎಂದು ಬದಲಿಸಲು ಹೊರಟವು.

‘ಬೆಟರ್ ದ್ಯಾನ್ ಎನಿ ಚಿಲ್ಲಿ’ ಎಂದರೆ ಬ್ಯಾಡಗಿ ತನಗಿಂತ ತಾನೇ ಉತ್ತಮ ಎಂದಾಗುತ್ತದೆ. ‘ಎನಿ ಅದರ್’ ಸೇರಿಸು. ‘ಸುಪೀರಿಯರ್’ ಬಳಸಿದರೆ ‘ದ್ಯಾನ್’ ಅಲ್ಲ, ‘ಟು’. ನನ್ನನ್ನು ಕೇಳಿದರೆ ಇಂಥ ಹೊಗಳಿಕೆಗಿಂತ, 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಸೂಚಿಕೆ, ಅಂದರೆ ಆ ಸೀಮೆಯದೇ ಬೆಳೆ ಎಂಬ ಅಧಿಕೃತ ಗುರುತು (ಜಿಐ), ಸಿಕ್ಕಿದ್ದನ್ನು ಬರೆದರೆ ಕೊಳ್ಳುವವರು ಹೆಚ್ಚು ನಂಬುತ್ತಾರೆ.

ಇನ್ನು ‘ಎವೆರಿ ಫಾರ್ಮರ್ ಡ್ರೈಸ್ ಹಿಸ್ ಚಿಲೀಸ್’ ಎಂಬ ಸಾಲಿಗೆ ಹಾವೇರಿಯ ಅಕ್ಕನವರು ‘ಕಣದಲ್ಲಿ ಕಾಯಿ ಹರವುವವರು ನಾವು, ಹಿಸ್ ಎಲ್ಲಿಂದ ಬಂತು?’ ಎಂದು ಕೇಳಿದ್ದಾರೆ. ಅವರ ಮಾತು ನ್ಯಾಯವಾದದ್ದು. ‘ಎವೆರಿ’ ಏಕವಚನ, ಹಾಗಾಗಿ ಕ್ರಿಯಾಪದ ‘ಡ್ರೈಸ್’ ಎಂದೇ ಇರಲಿ. ಸರ್ವನಾಮ ಮಾತ್ರ ‘ದೇರ್’ ಆಗಬಹುದು. ಒಬ್ಬರಿಗೆ ಬಹುವಚನವೇ ಎಂದು ಹುಬ್ಬೇರಿಸಬೇಡ. ‘ಅತ್ತೆಯವರು ತಮ್ಮ ಚೀಲ ಮರೆತರು’ ಎನ್ನುವಾಗ ನಾವು ಮಾಡುವುದೂ ಅದನ್ನೇ. ಇಂಗ್ಲಿಷಿನಲ್ಲಿ ಈ ರೂಢಿ 14ನೇ ಶತಮಾನದಿಂದ ಇದೆ. ಪರೀಕ್ಷೆ ಬರೆಯುವ ಮಕ್ಕಳು ಹಳೆಯ ನಿಯಮದ ಪರೀಕ್ಷಕರಿಗೆ ಹೆದರುವುದಾದರೆ ಇಡೀ ವಾಕ್ಯವನ್ನು ಬಹುವಚನ ಮಾಡಲಿ: ‘ಆಲ್ ಫಾರ್ಮರ್ಸ್ ಡ್ರೈ ದೇರ್ ಚಿಲೀಸ್’. ಕರಪತ್ರಕ್ಕೂ ಇದೇ ಚೆಂದ.

ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ‘ದಲಾಲರು ಅವನನ್ನು ನನಗಿಂತ ಹೆಚ್ಚು ನಂಬುತ್ತಾರೆ’ ಎಂಬುದಕ್ಕೆ ಕನ್ನಡದಲ್ಲೂ ಎರಡು ಅರ್ಥ. ಇಂಗ್ಲಿಷಿನಲ್ಲಿ ‘ದ್ಯಾನ್ ಮಿ’ ಎಂದು ಬಿಟ್ಟರೆ ಅದೇ ಗೊಂದಲ. ನಾನು ಅವನನ್ನು ನಂಬುವುದಕ್ಕಿಂತ ಎಂದಾದರೆ ‘ದ್ಯಾನ್ ಐ ಡು’, ಅವರು ನನ್ನನ್ನು ನಂಬುವುದಕ್ಕಿಂತ ಎಂದಾದರೆ ‘ದ್ಯಾನ್ ದೆ ಟ್ರಸ್ಟ್ ಮಿ’ ಎಂದು ಬಿಡಿಸಿ ಬರೆ.

ತಿದ್ದಿದ ಮೇಲೆ ಅಚ್ಚಿಗೆ ಕೊಡುವ ಮುನ್ನ ಇಲ್ಲಿ ಮತ್ತೊಮ್ಮೆ ಹಾಕು. ಡಬ್ಬಿ, ಕಡ್ಡಿ ಎಂಬ ಬ್ಯಾಡಗಿಯ ಎರಡು ಬಗೆಗಳ ಹೆಸರುಗಳನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಬೇಡ. ‘ಬಾಕ್ಸ್ ಚಿಲ್ಲಿ’ ಎಂದು ಬರೆದ ಫಲಕವನ್ನು ಒಮ್ಮೆ ನೋಡಿ, ಪೆಟ್ಟಿಗೆಯಲ್ಲಿ ಮಾರುತ್ತಾರೆ ಎಂದುಕೊಂಡು ಮುಂದೆ ಹೋಗಿದ್ದೆ.